ಆಸಿಂನ ತಾಯಿ

ಗಣಿ ದುಡ್ಡು ನೀರಿನಂಗ ಹರಿಯೋ ಕಾಲ ಅದು. ಕೆಂಪು ಧೂಳಿನ ಜೊತಿಗೆ ಬಳ್ಳಾರಿ ಸೀಮಿಯಾಗ ಸೊಕ್ಕೂ ಹಾರಾಡ್ತಿತ್ತು. ಅಂಥಾ ಸೊಕ್ಕಿನವನೊಬ್ಬ, ಜೀಪು ಕೆಟ್ಟಿತ್ತಂತ, ಸಿರುಗುಪ್ಪದಾಗ ಬಳ್ಳಾರಿ ಬಸ್ ಹತ್ತಿ ಹಮೀದಾಬಿಯ ಮುಂದಿನ ಸೀಟಿನ್ಯಾಗ ಕಾಲು ಚಾಚಿ ಕುಂತಿದ್ದ. ಕೊರಳಾಗ ಬೆರಳು ದಪ್ಪದ ಬಂಗಾರದ ಸರ.

"ಟಿಕೆಟ್ ತಗೋರಿ ಅಣ್ಣಾ," ಅಂದ್ಲು ಕಂಡಕ್ಟರ್ ಉಚ್ಚಂಗೆಮ್ಮ.

"ನಾನು ಧಣಿ ಕಡಿಯವನು. ನನಗ್ಯಾವ ಟಿಕೆಟ್?"

ಯಾವ ಧಣಿ ಅಂತ ಅವನು ಹೆಸರು ಹೇಳಿದ್ದೇ ತಡ, ಹಮೀದಾಬಿ ಬೆಚ್ಚಿಬಿದ್ಲು. ಮಗ ಆಸಿಂ ಲಾರಿ ಓಡಿಸೋದು ಅದೇ ಧಣಿಯ ಗಣಿಯಾಗ! ಯಾ ಅಲ್ಲಾ, ಇವನಿಗೆ ನನ್ನ ಗುರುತು ಸಿಗಬಾರದು ಅಂತ ಸೆರಗು ಮುಖದ ಮ್ಯಾಲೆ ಎಳಕೊಂಡು ಕಿಟಕಿ ಕಡಿ ತಿರುಗಿದ್ಲು. ಆ ಗಣಿಯಾಗ ಎದುರು ಮಾತಾಡಿದ ಡ್ರೈವರೊಬ್ಬ ಎರಡೂ ಕಾಲು ಮುರಕೊಂಡು ಮನಿ ಸೇರಿದ್ದ. ಜಾರಿ ಬಿದ್ದ ಅಂದ್ರು. ಜಾರಿ ಬಿದ್ರ ಎರಡೂ ಕಾಲು ಮುರೀತಾವೇನು, ನೀವೇ ಹೇಳ್ರಿ.

ಉಚ್ಚಂಗೆಮ್ಮ ಬೇಡಿಕೊಂಡ್ಲು. "ಕುರುಗೋಡಿನಾಗ ಚೆಕ್ಕಿಂಗ್‌ನೋರು ನಿಂತಿರ್ತಾರ ಅಣ್ಣಾ, ನನ್ನ ನೌಕರಿ ಹೋಗ್ತೈತಿ." ಅವನು ಆಕಿಯ ಚೀಲ ಹಿಡಿದು ಜಗ್ಗಿ ನೂಕಿದ. ಆಕಿ ಹಮೀದಾಬಿಯ ಮ್ಯಾಲೇ ಬಂದು ಬಿದ್ಲು, ತುಟಿ ಒಡೆದು ರಕ್ತ.

ಇಷ್ಟಾದ ಮ್ಯಾಲೂ ಸುಮ್ನಿರು ಅಂದ್ರ ಹೆಂಗ? "ಲೇ ತಮ್ಮಾ, ಅಕ್ಕತಂಗೇರಿಲ್ಲೇನು ನಿನಗ? ಟಿಕೆಟ್ ತಗೋ, ಇಲ್ಲಾ ಇಳಿ!" ಅಂದೇ ಬಿಟ್ಲು ಹಮೀದಾಬಿ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು.

ಅವನು ತಿರುಗಿ ನೋಡಿದ. "ಯಾವೂರವ್ವಾ ನೀನು? ಯಾರ ಪೈಕಿ?"

ಹಮೀದಾಬಿ ಸೆರಗು ಇನ್ನಷ್ಟು ಕೆಳಗ ಎಳಕೊಂಡ್ಲು. ಆದ್ರ ನಮ್ಮ ಮಂದಿ ನೋಡ್ರಿ, ಯಾರ ಪೈಕಿ ಅಂತ ಕೇಳಿದ್ರ ಉತ್ತರ ಕೊಡದ ಇರಾಕ ಆಗಂಗಿಲ್ಲ. ಹಿಂದಿನ ಸೀಟಿನಾಗಿದ್ದ ಆಕಿಯ ಓಣಿಯ ಹುಲುಗಪ್ಪ ಎದ್ದು ನಿಂತು ಗುಡುಗಿದ. "ಯಾರಂತ ತಿಳ್ದೀಯಲೇ? ನಿಮ್ಮ ಧಣಿ ಗಣಿಯಾಗ ಲಾರಿ ಓಡಿಸೋ ಆಸಿಂನ ತಾಯಿ ಆಕಿ! ಮರ್ಯಾದಿ ಕೊಟ್ಟು ಮಾತಾಡು!"

ಅಷ್ಟಕ್ಕ ಬಸ್ಸಿಗೆ ಬಸ್ಸೇ ಎದ್ದು ನಿಂತಿತು. "ಪೊಲೀಸ್ ಸ್ಟೇಷನ್ನಿಗೇ ಹೊಡಿ ಡ್ರೈವರಣ್ಣಾ!" ಅಂತ ಕೂಗಿದ್ರು.

ಅವನು ನಕ್ಕ. ನೋಟು ತೆಗೆದು ಟಿಕೆಟ್ ತಗೊಂಡ. ಹಮೀದಾಬಿಯನ್ನ ನೋಡ್ತಾ "ಆಸಿಂ," ಅಂದ ಮೆಲ್ಲಗ, ಹೆಸರು ಬಾಯಿಪಾಠ ಮಾಡೋರಂಗ. ಕುರುಗೋಡಿನಾಗ ಇಳಿದವನೇ ಮೊಬೈಲ್ ಕಿವಿಗೆ ಹಚ್ಚಿದ.

ಬಸ್ಸಿನ್ಯಾಗ ಹಬ್ಬ. "ಹಮೀದಕ್ಕಾ, ಹುಲಿ ನೀನು!" ಅಂತ ಹುಲುಗಪ್ಪ ಹಿಗ್ಗಿ ಹೀರೇಕಾಯಿ ಆದ. ಆಕಿ ಅವನ ರಟ್ಟಿ ಹಿಡಿದು ಜಗ್ಗಿದ್ಲು.

"ಎಂಥಾ ಕೆಲಸ ಮಾಡಿದ್ಯೋ ಹುಲುಗಪ್ಪಾ! ಮೊದಲು ನನ್ನ ಮಗಗ ಫೋನ್ ಹಚ್ಚು. ಇವತ್ತು ಗಣಿ ಕಡಿ ಹೋಗಬ್ಯಾಡ ಅನ್ನು."

ಹುಲುಗಪ್ಪನ ಮುಖ ಕಪ್ಪಿಟ್ಟಿತು. ನಂಬರ್ ಒತ್ತಿದ. ರಿಂಗಾತು, ಯಾರೂ ಎತ್ತಲಿಲ್ಲ. ಮತ್ತ ಒತ್ತಿದ. ಬಳ್ಳಾರಿಯ ಕೋಟಿ ಗುಡ್ಡ ಕಾಣೋ ಹೊತ್ತಿಗೆ ಆಸಿಂ ಎತ್ತಿದ. ಹಮೀದಾಬಿ ಫೋನ್ ಕಸಗೊಂಡ್ಲು.

"ಎಲ್ಲಿ ಅದೀಯಪ್ಪಾ?"

"ಗಣಿ ಆಫೀಸ್ ಮುಂದ ಅದೀನಮ್ಮಾ," ಮಗ ಪಿಸುಗುಟ್ಟಿದ. "ಲಾರಿ ಕೀಲಿ ಕಸಗೊಂಡ್ರು. ಒಳಗ ಬಾ ಅಂತ ಕರ್ಯಾಕ ಹತ್ಯಾರ. ಅಮ್ಮಾ, ಬಸ್ಸಿನ್ಯಾಗ ಏನಂದಿ ನೀನು?"