ಓಡೆಟ್ ವಿರುದ್ಧ ಸಾಕ್ಷಿ

ಓಡೆಟ್ ಬ್ರಿಗ್ಸ್ ಟೀವಿಯಲ್ಲಿ ಕಾಣಿಸಿಕೊಂಡ ದಿನ ನನಗೆ ಊಟ ಸೇರಲಿಲ್ಲ. ಬೂದು ಬಣ್ಣದ ಕೋಟು ತೊಟ್ಟು ಕೋರ್ಟಿನ ಮೆಟ್ಟಿಲ ಮೇಲೆ ನಿಂತು, ಹಾಸಿಗೆ ಹಿಡಿದವರಿಗೆ ಬೆನ್ನಹುಣ್ಣು ಹೇಗಾಗುತ್ತದೆ ಎಂದು ಇಡೀ ಟೊಲೀಡೊ ಊರಿಗೆ ಪಾಠ ಹೇಳುತ್ತಿದ್ದಳು. ಅವಳ ಹೆಸರಿನ ಕೆಳಗೆ ‘ಗಾಯದ ಆರೈಕೆಯ ತಜ್ಞೆ’ ಎಂದು ಬರೆದಿದ್ದರು. ತಜ್ಞೆಯಂತೆ! ನಮ್ಮ ಆಸ್ಪತ್ರೆಗೆ ಬಂದ ಹೊಸದರಲ್ಲಿ ಹುಣ್ಣಿನ ವಾಸನೆ ತಡೆಯಲಾರದೆ ಬಾಯಿ ಮುಚ್ಚಿಕೊಂಡು ಬಾತ್‌ರೂಮಿಗೆ ಓಡಿದವಳು ಅವಳು. ಗಾಯ ತೊಳೆಯುವುದನ್ನು, ಪಟ್ಟಿ ಕಟ್ಟುವುದನ್ನು, ನೋವಾಗದಂತೆ ರೋಗಿಯ ಮಗ್ಗುಲು ಬದಲಿಸುವುದನ್ನು ಕೈಹಿಡಿದು ಕಲಿಸಿದ ನರ್ಸು ನಾನು, ವರ್ನಾ ಪಾವ್ಲಾಕ್. ನನ್ನ ಹೆಸರು ಯಾವ ಟೀವಿಯಲ್ಲೂ ಬರಲಿಲ್ಲ.

“ನಿನ್ನ ಶಿಷ್ಯೆ ಅಲ್ವೇನೆ, ಹೆಮ್ಮೆ ಪಡು ಮಾರಾಯ್ತಿ,” ಎಂದ ನನ್ನ ಗಂಡ ಕ್ಯಾಸ್.

“ಹೆಮ್ಮೇನೇ ಪಡ್ತಿದೀನಿ, ಕಾಣ್ತಿಲ್ವಾ?” ಎಂದು ಪಿರೋಗಿ ಕಡುಬಿನ ತಟ್ಟೆಯನ್ನು ಅವನ ಮುಂದೆ ಕುಕ್ಕಿದೆ.

ಹೊಟ್ಟೆಕಿಚ್ಚೇ ಅದು, ಬೇರೆ ಹೆಸರಿಟ್ಟು ಸಿಂಗರಿಸುವುದು ಬೇಡ. ನಾನು ಈಗಲೂ ಮಂಡಿಯೂರಿ ಮುದುಕರ ಹಿಮ್ಮಡಿಗೆ ಪಟ್ಟಿ ಕಟ್ಟುತ್ತಿದ್ದೆ. ಅವಳು ಊರೂರಿನ ಕೋರ್ಟುಗಳಲ್ಲಿ ಕುರ್ಚಿಯ ಮೇಲೆ ಕುಳಿತು, ಪಟ್ಟಿ ಸರಿಯಾಗಿ ಕಟ್ಟಿದ್ದಾರೋ ಇಲ್ಲವೋ ಎಂದು ತೀರ್ಪು ಕೊಡುತ್ತಿದ್ದಳು. ಸಾಲದ್ದಕ್ಕೆ ಪ್ರತಿ ಕ್ರಿಸ್‌ಮಸ್ಸಿಗೂ ‘ನನ್ನ ಗುರುಗಳಿಗೆ’ ಎಂದು ಬರೆದು ಕಾರ್ಡು ಕಳಿಸುತ್ತಿದ್ದಳು. ಅದನ್ನು ಓದಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾಗಿರುವಾಗ ಹೇವರ್‌ಕ್ಯಾಂಪ್ ಎಂಬ ವಕೀಲ ಫೋನು ಮಾಡಿದ. ಗಾಜಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ಲೂಷಿಯಸ್ ಗೆಂಟ್ರಿ ಎಂಬವರಿಗೆ ಲಕ್ವ ಹೊಡೆದು, ವಯಸ್ಸಾದವರ ಆರೈಕೆ ಮನೆಯೊಂದಕ್ಕೆ ಸೇರಿದ್ದರು. ಅಲ್ಲಿ ಸೊಂಟದ ಕೆಳಗೆ ಮೂಳೆ ಕಾಣುವಷ್ಟು ಹುಣ್ಣಾಗಿ ತೀರಿಕೊಂಡರು. ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ಮಗಳು ರೆನಿಟಾ ದಾವೆ ಹಾಕಿದ್ದಳು. ಅವಳ ಪರ ಸಾಕ್ಷಿ ಹೇಳುವವಳು ಓಡೆಟ್. ಹೇವರ್‌ಕ್ಯಾಂಪ್ ಆರೈಕೆ ಮನೆಯ ವಕೀಲ.

“ಅವಳಿಗೆ ಎದುರು ನಿಲ್ಲೋರು ಯಾರಿದಾರೆ ಅಂತ ವಿಚಾರಿಸ್ದೆ ಮೇಡಂ. ಎಲ್ಲರೂ ನಿಮ್ಮ ಹೆಸರೇ ಹೇಳಿದ್ರು.”

ಅವನ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡೆ.

ಆರೈಕೆ ಮನೆಯವರ ವಾದ ಸುಳ್ಳೇನಲ್ಲ ಎನ್ನಿಸಿತು. ಸಾವು ಹತ್ತಿರ ಬಂದಾಗ ಚರ್ಮವೂ ಸೋಲುತ್ತದೆ. ಎಷ್ಟೇ ನೋಡಿಕೊಂಡರೂ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಹುಣ್ಣು ಬಾಯಿ ತೆರೆಯುತ್ತದೆ. ಅಂಥವನ್ನು ನಾನೇ ಕಂಡಿದ್ದೇನೆ. ಅಲ್ಲಿನ ನರ್ಸುಗಳು ದಿನವೂ ಬೆನ್ನು ನೋಡಿ, ಹುಣ್ಣಿನ ಮೊದಲ ಗುರುತಾದ ಕೆಂಪು ಎಲ್ಲೂ ಇಲ್ಲ ಎಂದು ಬರೆದಿಟ್ಟಿದ್ದರು. ಫೋಟೋದಲ್ಲಿ ಗೆಂಟ್ರಿಯವರ ಬೆನ್ನು ನೋಡಿದೆ. ಕಡುಗಪ್ಪು ಚರ್ಮ. ಅಂಥ ಚರ್ಮದಲ್ಲಿ ಕೆಂಪು ಹುಡುಕಿದರೆ ಸಿಗುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಫೋಟೋ ಮಗುಚಿಟ್ಟು ಹೊಸ ಕೋಟು ಕೊಳ್ಳಲು ಹೊರಟೆ. ಓಡೆಟ್‌ಳದ್ದಕ್ಕಿಂತ ಒಳ್ಳೆಯದನ್ನೇ ಆರಿಸಿದೆ.

ಕೋರ್ಟಿನಲ್ಲಿ ಮೊದಲ ಸರದಿ ಓಡೆಟ್‌ಳದು. ನಾನು ಹೇವರ್‌ಕ್ಯಾಂಪನ ಬೆನ್ನ ಹಿಂದೆ ಕುಳಿತು ಅವಳು ಎಲ್ಲಿ ಎಡವುತ್ತಾಳೋ ಎಂದು ಕಾಯುತ್ತಿದ್ದೆ. ಹಾಳಾದವಳು ಎಷ್ಟು ಚೆನ್ನಾಗಿ ಮಾತಾಡಿದಳು!

“ಬಿಳಿ ಚರ್ಮ ಆದ್ರೆ ಕೆಂಪಾಗತ್ತೆ, ಕಾಣತ್ತೆ. ಕಪ್ಪು ಚರ್ಮದಲ್ಲಿ ಹಂಗೆ ಕಾಣಲ್ಲ. ಕೈಯ ಹಿಂಭಾಗ ಇಟ್ಟು ನೋಡ್ಬೇಕು. ಬಿಸಿ ಇದೆಯಾ, ಗಟ್ಟಿ ಆಗಿದೆಯಾ, ಪಕ್ಕದ ಜಾಗಕ್ಕಿಂತ ಬೇರೆ ಥರ ಇದೆಯಾ ಅಂತ.”

ಜ್ಯೂರಿಯಲ್ಲಿದ್ದ ಹೆಂಗಸೊಬ್ಬಳು ಮೆಲ್ಲಗೆ ತನ್ನ ತೋಳನ್ನೇ ಮುಟ್ಟಿ ನೋಡಿಕೊಂಡಳು. ಮಾತಿನ ಮಧ್ಯೆ ಓಡೆಟ್ ನಿಲ್ಲಿಸುತ್ತಿದ್ದ ಜಾಗಗಳೂ ನನ್ನವೇ. ನಾನು ಪಾಠ ಹೇಳುವಾಗ ಅಲ್ಲೇ ನಿಲ್ಲಿಸುತ್ತಿದ್ದೆ.

ಪಾಟೀಸವಾಲಿಗೆ ಎದ್ದ ಹೇವರ್‌ಕ್ಯಾಂಪ್ ವ್ಯಂಗ್ಯವಾಗಿ ನಕ್ಕ. “ಈ ಕೈ ಇಡೋ ವಿದ್ಯೆ ಯಾವ ಕಾಲೇಜಲ್ಲಿ ಕಲ್ತ್ರಿ?”

“ಕಾಲೇಜಲ್ಲಲ್ಲ ಸಾರ್. ವರ್ನಾ ಪಾವ್ಲಾಕ್ ಹೇಳ್ಕೊಟ್ಟಿದ್ದು. ನಿಮ್ಮ ಹಿಂದೇನೇ ಕೂತಿದಾರಲ್ಲ, ಅವ್ರೇ. ನನ್ನ ಕಣ್ಣು ಮುಚ್ಚಿಸಿ, ಕೈ ಹಿಡ್ಕೊಂಡು ಪೇಷಂಟ್ ಬೆನ್ನ ಮೇಲಿಟ್ಟು, ‘ಕಣ್ಣು ನಂಬಬೇಡ ಕಣೇ’ ಅಂದಿದ್ರು.”

ಜ್ಯೂರಿಯವರೆಲ್ಲ ನನ್ನತ್ತ ತಿರುಗಿದರು. ಹೇವರ್‌ಕ್ಯಾಂಪ್ ಕೂಡ. ಅವಳು ಹೊಗಳಿದಳೋ ಬಲೆ ಹಾಕಿದಳೋ ಇಂದಿಗೂ ನನಗೆ ತಿಳಿಯದು.

ಬಿಡುವಿನಲ್ಲಿ ಕಾಫಿ ಯಂತ್ರದ ಹತ್ತಿರ ಸಿಕ್ಕಳು. “ಗುರುಗಳೇ, ಕೋಪನಾ?”

“ನನ್ನ ಹೆಸರು ಎತ್ತು ಅಂತ ನಿಂಗೆ ಯಾರು ಹೇಳಿದ್ರು?”

“ನಿಜಾನೇ ಹೇಳ್ತೀನಿ ಅಂತ ಪ್ರಮಾಣ ಮಾಡಿದ್ನಲ್ಲ,” ಎಂದು ನಕ್ಕಳು. “ಕೋಟು ಚೆನ್ನಾಗಿದೆ.”

ಲೋಟದ ಕಾಫಿಯನ್ನು ಅವಳ ಮೇಲೇ ಸುರಿಯಬೇಕೆನಿಸಿತು.

ಊಟದ ಹೊತ್ತಿಗಿಂತ ಮುಂಚೆ ನನ್ನ ಸರದಿ ಬಂತು. ಸಾಯುವ ಕಾಲದಲ್ಲಿ ಚರ್ಮ ಸೋಲುವ ಬಗೆಯನ್ನು ವಿವರವಾಗಿ ಹೇಳಿದೆ. ಜ್ಯೂರಿಯವರು ಕಣ್ಣು ಮಿಟುಕಿಸದೆ ಕೇಳಿದರು. ಅಬ್ಬಾ, ಎಷ್ಟು ಹಿತವಾಗಿತ್ತು! ಇಷ್ಟು ವರ್ಷ ಓಡೆಟ್ ಒಬ್ಬಳೇ ಉಂಡ ಸುಖ ಇದೇ ಏನು ಎಂದುಕೊಂಡೆ.

ಆಮೇಲೆ ರೆನಿಟಾಳ ವಕೀಲೆ ಎದ್ದಳು.

“ನರ್ಸುಗಳು ದಿನಾ ಕಣ್ಣಲ್ಲಿ ನೋಡಿದ್ರು ಅಂದ್ರಿ. ಯಾರಾದ್ರೂ ಕೈ ಇಟ್ಟು ನೋಡಿದ್ರಾ?”

“ಇಲ್ಲ.”

“ಇಡ್ಬೇಕಿತ್ತಾ?”

‘ಬೇಕಿರಲಿಲ್ಲ’ ಎಂದರೆ ಓಡೆಟ್ ಸೋಲುತ್ತಿದ್ದಳು. ಅದಕ್ಕೇ ತಾನೇ ನಾನು ಬಂದಿದ್ದು! ನಾಲಗೆಯ ತುದಿಗೂ ಬಂದಿತ್ತು. ಆದರೆ ಆ ಮಾತು ಆಡಿದರೆ ಆ ಪಾಠ ನನ್ನದಲ್ಲ ಎಂದಂತಾಗುತ್ತಿತ್ತು, ಅದು ಪೂರಾ ಓಡೆಟ್‌ಳ ಪಾಲಾಗುತ್ತಿತ್ತು. ಅವಳು ಎರಡನೆಯ ಸಾಲಿನಲ್ಲಿ ಕೈ ಕಟ್ಟಿ ಕುಳಿತು ನನ್ನನ್ನೇ ನೋಡುತ್ತಿದ್ದಳು. ಅದನ್ನೂ ಇವಳಿಗೆ ಬಿಟ್ಟುಕೊಡಬೇಕೇ?

“ಇಡ್ಬೇಕಿತ್ತು,” ಎಂದೆ. “ಅದು ನಾನು ಕಲಿಸಿದ ಪಾಠ. ಅವಳು ಅರ್ಧ ಹೇಳಿದಾಳೆ, ಪೂರ್ತಿ ನಾನು ಹೇಳ್ತೀನಿ ಕೇಳಿ.”

ಹೇಳಿದೆ. ಹುಣ್ಣು ಬಾಯಿ ತೆರೆಯುವ ಮೊದಲೇ ಒಳಗಿನ ಮಾಂಸ ಹೇಗೆ ಬಿಸಿಯಾಗುತ್ತದೆ, ಆಮೇಲೆ ಹೇಗೆ ತಣ್ಣಗಾಗಿ ಮೆತ್ತಗಾಗುತ್ತದೆ, ಆ ಹೊತ್ತಿನಲ್ಲಿ ಮಗ್ಗುಲು ಬದಲಿಸಿದರೆ ಎಷ್ಟು ಜನ ಉಳಿಯುತ್ತಾರೆ, ಎಲ್ಲವನ್ನೂ. ಓಡೆಟ್‌ಗಿಂತ ಚೆನ್ನಾಗಿಯೇ ಹೇಳಿದೆ, ಅದರಲ್ಲಿ ಅನುಮಾನವಿಲ್ಲ. ಮಾತು ಮುಗಿಸಿ ನೋಡಿದರೆ ಹೇವರ್‌ಕ್ಯಾಂಪ್ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಆರೈಕೆ ಮನೆಯವರು ಮಧ್ಯಾಹ್ನವೇ ತಪ್ಪೊಪ್ಪಿಕೊಂಡು ರಾಜಿಗೆ ಬಂದರು.

ಹೊರಗೆ ಪತ್ರಿಕೆಯವರು ಓಡೆಟ್‌ಳನ್ನು ಮುತ್ತಿಕೊಂಡಿದ್ದರು. ನಾನು ಗೋಡೆಯ ಪಕ್ಕ ನಿಂತು ಕೋಟಿನ ಗುಂಡಿ ಹಾಕುತ್ತಿದ್ದೆ. ಗೆಂಟ್ರಿಯವರ ಮಗಳು ರೆನಿಟಾ ಸೀದಾ ನನ್ನ ಹತ್ತಿರ ಬಂದಳು. ಕೃತಜ್ಞತೆ ಹೇಳಲು ಬಂದಳೆಂದುಕೊಂಡೆ. ಓಡೆಟ್ ನೋಡುತ್ತಿದ್ದಾಳೆಯೇ ಎಂದು ಕಣ್ಣಂಚಿನಲ್ಲಿ ಗಮನಿಸಿದೆ. ನೋಡುತ್ತಿದ್ದಳು.

“ಅಪ್ಪನ ಬೆನ್ನ ಮೇಲೆ ಒಂದು ಕೈ ಇಟ್ಟಿದ್ರೆ ಗೊತ್ತಾಗ್ತಿತ್ತು ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತು,” ಎಂದಳು ರೆನಿಟಾ. “ಇಷ್ಟೆಲ್ಲ ಗೊತ್ತಿದ್ದೂ ನೀವು ಆ ಕಡೆ ಯಾಕೆ ಕೂತಿದ್ರಿ?”

ಒಳ್ಳೆಯ ಉತ್ತರ ಹುಡುಕಲು ಸಮಯ ಸಿಗಲಿಲ್ಲ. ನಿಜವೇ ಬಾಯಿಗೆ ಬಂತು.

“ನಿಮ್ಮ ಕಡೆಯವರು ಅವಳನ್ನ ಕರೆದಿದ್ರಲ್ಲ,” ಎಂದೆ. “ನನ್ನನ್ನ ಕರೀಲಿಲ್ಲ.”

ರೆನಿಟಾ ಮೆಟ್ಟಿಲಿಳಿದು ಹೋದಳು. ಓಡೆಟ್ ಪತ್ರಿಕೆಯವರಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದ್ದಳು. ಅವಳಿಗೂ ಕೇಳಿಸಿತ್ತು.