ಬಲ್ಬ್ ಒಡೆಯುವ ಕೋಣೆ

ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಸೊಸೆ ಬಲ್ಬ್ ಒಡೆಯುತ್ತಿದ್ದಳು. ಹುಚ್ಚಲ್ಲ, ಪ್ರಯೋಗ. ಮೇಜಿನ ಮೇಲಿಟ್ಟ ಬಲ್ಬಿಗೆ ಸುತ್ತಿಗೆ ಬಿದ್ದು ಠಪ್ ಎಂದ ಕೂಡಲೇ ಪುಟ್ಟ ಯಂತ್ರವೊಂದು ಆ ಸದ್ದು ಹಿಡಿದು ಕ್ಯಾಮೆರಾವನ್ನೂ ಫ್ಲ್ಯಾಶನ್ನೂ ಒಟ್ಟಿಗೆ ಹೊಡೆಸುತ್ತಿತ್ತು. ಹಾರುವ ಗಾಜಿನ ಚೂರುಗಳು ಫೋಟೋದಲ್ಲಿ ಅಲ್ಲಲ್ಲೇ ನಿಂತುಬಿಡುತ್ತಿದ್ದವು. ತೆಗೆದ ಫೋಟೋ ಕೇಬಲ್ ಹಿಡಿದು ನೇರ ಹೊರಗಿನ ಕೌಂಟರಿನ ದೊಡ್ಡ ಪರದೆಗೆ ಹೋಗುತ್ತಿತ್ತು. ಕೌಂಟರಿನಲ್ಲಿ ಕೂರುವವಳು ಅತ್ತೆ.

ಸ್ಟುಡಿಯೋ ಅತ್ತೆಯದು, ಮನೆಯೂ ಆಕೆಯದೇ. ಆಕೆ ಒಂದು ಮಾತು ಗದರಿದ್ದರೆ ಮಗನ ಕೈ ತೆಪ್ಪಗಾಗುತ್ತಿತ್ತು. ಆದರೆ ಸೊಸೆಯ ಊದಿದ ಕೆನ್ನೆ ಕಂಡಾಗಲೆಲ್ಲ ಆಕೆಯದು ಒಂದೇ ರಾಗ: "ನನ್ನ ಮಗ ಇರುವೇನೂ ತುಳಿಯೋನಲ್ಲ. ಎಲ್ಲೋ ಬಿದ್ದಿರ್ತೀಯ. ಕಣ್ಣು ನೆತ್ತಿ ಮೇಲಿದ್ರೆ ಇನ್ನೇನಾಗುತ್ತೆ?" ನಂಬದ ಆ ಮುಖ ಸೊಸೆಗೆ ಏಟಿಗಿಂತ ಹೆಚ್ಚು ಉರಿಯುತ್ತಿತ್ತು.

ಗಂಡ ಬಾಗಿಲು ತಳ್ಳಿಕೊಂಡೇ ಬಂದ. ಮಹಾಶಯ ಮದುವೆ ಫೋಟೋ ಬಿಟ್ಟು ಬೇರೇನೂ ತೆಗೆದವನಲ್ಲ.

"ಮದುವೆ ಮನೆಯೋರು ಆಲ್ಬಮ್ ಕೇಳ್ತಾ ಕೂತಿದಾರೆ, ನೀನಿಲ್ಲಿ ಗಾಜು ಒಡ್ಕೊಂಡಿದೀಯಾ?"

"ನಿನ್ನೇನೇ ಮುಗಿಸಿದೀನಿ ರೀ."

"ಎದುರುತ್ತರ ಬೇರೆ!"

ಫಟಾರನೆ ಕೆನ್ನೆಗೆ ಬಿತ್ತು. ಕೋಣೆಯೆಲ್ಲ ಬೆಳ್ಳಗೆ ಮಿಂಚಿತು. ಅವನು ಕ್ಷಣ ತಬ್ಬಿಬ್ಬಾದ, ಆಮೇಲೆ ಅವಳ ಜಡೆ ಹಿಡಿದೆಳೆದು ತಲೆಯನ್ನು ಗೋಡೆಗೆ ಗುದ್ದಿದ. ಮತ್ತೆ ಮಿಂಚಿತು. ಬಲ್ಬ್ ಯಾವುದು, ಕೆನ್ನೆ ಯಾವುದು, ಆ ಯಂತ್ರಕ್ಕೇನು ಗೊತ್ತು? ಠಪ್ ಎಂದರೆ ಸಾಕು. ಅವಳಿಗೂ ಅದು ಆಗಷ್ಟೇ ಹೊಳೆಯಿತು. ತುಟಿ ಒಡೆದು ರಕ್ತ ಗಲ್ಲಕ್ಕಿಳಿಯುತ್ತಿದ್ದರೂ ಮುಖ ಮುಚ್ಚಿಕೊಳ್ಳಲಿಲ್ಲ. ಕ್ಯಾಮೆರಾದ ಕಡೆಗೇ ತಿರುಗಿ ನಿಂತಳು. ಮೂರನೆಯ ಏಟು, ನಾಲ್ಕನೆಯದು.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ, ಏದುಸಿರು ಬಿಡುತ್ತ. ಪಾಸ್‌ಪೋರ್ಟ್ ಫೋಟೋಗೆ ಬಂದಿದ್ದ ಇಬ್ಬರು ಹಿಂದೆ ಕಲ್ಲಾಗಿ ನಿಂತಿದ್ದರು.

"ಅಮ್ಮಾ, ಇವಳೇ ಕಾಲು ಜಾರಿ ಬಿದ್ಲು" ಎಂದು ಮಗ ಮೇಜಿಗೆ ಕೈಯೂರಿ ಹಲ್ಲು ಕಿರಿದ.

"ಹೌದಪ್ಪ, ನಾಲ್ಕು ಸಲ ಬಿದ್ಲು. ನಿನ್ನ ಕೈ ಸಮೇತ ಪರದೇಲಿ ನೋಡ್ದೆ."

ಅತ್ತೆ ಸುತ್ತಿಗೆ ಎತ್ತಿಕೊಂಡಳು. "ಅಯ್ಯೋ ಅತ್ತೆ, ಬೇಡಿ!" ಎಂದು ಸೊಸೆ ಕೂಗುವಷ್ಟರಲ್ಲಿ ಅದು ಅವನ ಬೆರಳುಗಳ ಮೇಲೆ ಬಿದ್ದಾಗಿತ್ತು. ಮೂಳೆ ಲಟಕ್ಕೆಂದಿತು. ಅವನು ಕಿರುಚುವ ಮೊದಲೇ ಫ್ಲ್ಯಾಶ್ ಮಿಂಚಿತ್ತು.

ಅವನು ಕೈ ಅವುಚಿಕೊಂಡು ನೆಲದಲ್ಲಿ ಹೊರಳಾಡುತ್ತಿದ್ದ. ಸೊಸೆ ಮುಗ್ಗರಿಸುತ್ತ ಕೌಂಟರಿಗೆ ಓಡಿದಳು. ಪರದೆಯ ಮೇಲೆ ಐದನೆಯ ಫೋಟೋ: ಅತ್ತೆ, ಸುತ್ತಿಗೆ, ಜಜ್ಜಿದ ಕೈ. ಅವಳ ಬೆರಳು ಅಳಿಸುವ ಗುಂಡಿಯ ಮೇಲೆ ಹೋಯಿತು.

ಹಿಂದಿನಿಂದ ಬಂದ ಅತ್ತೆ ಆ ಬೆರಳು ಹಿಡಿದುಕೊಂಡಳು.

"ಬೇಡ ಕಣಮ್ಮ. ಪೊಲೀಸ್‌ನೋರಿಗೆ ಐದೂ ತೋರ್ಸು."