ಬೆನ್ನ ಹಿಂದಿನ ಸವಾರಿ

ಹಿಂದೊಂದು ಕಾಲದಲ್ಲಿ ಉಗಿಬಂಡಿಗಳು ಓಡಾಡಿ, ಆಮೇಲೆ ಕಂಬಿಗಳನ್ನೆಲ್ಲ ಕಿತ್ತೊಯ್ದ ಮೇಲೆ ಅನಾಥವಾಗಿ ಉಳಿದುಹೋಗಿದ್ದ ಆ ನೀಳ ದಿಬ್ಬದ ಹಾದಿ, ಈಗ ಸೈಕಲ್ ಸವಾರರಿಗೂ ಕಾಲ್ನಡಿಗೆಯವರಿಗೂ ಮಾತ್ರ ಮೀಸಲಾಗಿ, ಹೊಲಗಳ ಹಸಿರು ವಿಸ್ತಾರವನ್ನು ಸೀಳಿಕೊಂಡು, ಹುಲ್ಲುಗಾವಲುಗಳ ಅಂಚನ್ನು ಸವರಿಕೊಂಡು, ದಿಗಂತದವರೆಗೂ ಅವಸರವಿಲ್ಲದೆ ಸಾಗುತ್ತದೆ. ಅಲ್ಲಿ ಮೋಟಾರಿನ ಗರ್ಜನೆಯಿಲ್ಲ, ಹಾರನ್ನಿನ ಕಿರಿಚಾಟವಿಲ್ಲ, ಹೊಗೆಯ ವಾಸನೆಯಿಲ್ಲ... ಚಳಿಗಾಲ ಕಳೆದ ಮೊದಲ ಬಿಸಿಲು ಎಳೆಚಿಗುರಿನ ಮೇಲೆ ಹಿತವಾಗಿ ಹರಡಿರುತ್ತದೆ. ಗಾಳಿ ಬೀಸಿದಾಗ ಹುಲ್ಲು ಬಾಗುವ ಸದ್ದೂ ಕಿವಿಗೆ ಬೀಳುತ್ತದೆ.

ಇಂಥ ನಿಶ್ಶಬ್ದವನ್ನು ಕಂಡೊಡನೆ ಅದಕ್ಕೆ ಶಾಂತಿಯೆಂದು ಹೆಸರಿಟ್ಟುಬಿಡುವ ಆತುರ, ಸಹೃದಯರೇ, ನಿಮಗೂ ಇದೆ, ನನಗೂ ಇದೆ. ಆದರೆ ನಿಶ್ಶಬ್ದದಲ್ಲಿ ಮನುಷ್ಯನಿಗೆ ತನ್ನ ಎದೆಬಡಿತ ತನಗೇ ಕೇಳಿಸುತ್ತದೆ ಎಂಬುದನ್ನು ನಾವು ಮರೆಯುತ್ತೇವೆ! ಆ ದಿನ ಆ ಹಾದಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ಅದು ಕೇಳಬಾರದಷ್ಟು ಜೋರಾಗಿ ಕೇಳಿಸಿತು.

ಅವರದು ಜೋಡಿ ಸೈಕಲ್, ಒಂದೇ ಸರಪಳಿಗೆ ಇಬ್ಬರೂ ತುಳಿಯುವಂಥದ್ದು. ಮುಂದಿನ ಸೀಟಿನಲ್ಲಿ ಗಂಡ, ಹಿಂದಿನ ಸೀಟಿನಲ್ಲಿ ಹೆಂಡತಿ. ಹಿಂದೆ ಕೂತವರಿಗೂ ಹಿಡಿದುಕೊಳ್ಳಲು ಒಂದು ಹ್ಯಾಂಡಲ್ ಉಂಟು, ಆದರೆ ಅದು ತಿರುಗುವುದಿಲ್ಲ. ಬ್ರೇಕಂತೂ ಇಲ್ಲವೇ ಇಲ್ಲ. ಕಣ್ಣೆದುರಿಗೆ ಇರುವುದು ಒಂದು ಬೆನ್ನು ಮಾತ್ರ. ಆದ್ದರಿಂದಲೇ ಈ ಸವಾರಿಗೆ ಒಂದು ಕಟ್ಟಳೆ: ಹಾದಿಯಲ್ಲಿ ಬರುವುದನ್ನೆಲ್ಲ ಮುಂದಿನವರು ಕೂಗಿ ಹೇಳಬೇಕು, ಹಿಂದಿನವರು ಪ್ರಶ್ನಿಸದೆ ನಂಬಬೇಕು. "ಗುಂಡಿ" ಎಂದರೆ ಸೀಟಿನಿಂದ ಕೊಂಚ ಏಳಬೇಕು, "ತಿರುವು" ಎಂದರೆ ಮೈ ಬಾಗಿಸಬೇಕು, "ಗೇಟು" ಎಂದರೆ ಕಾಲು ಊರಲು ಸಿದ್ಧವಾಗಬೇಕು.

ಅವನ ಕಸುಬೇ ಅದು. ಊರೂರಿನಿಂದ ಬರುವ ಪ್ರವಾಸಿ ಸವಾರರನ್ನು ಈ ಹಾದಿಯುದ್ದಕ್ಕೂ ಕರೆದೊಯ್ಯುವವನು. ಅದಕ್ಕೇ ಎಲ್ಲರ ಬಾಯಲ್ಲಿ ಅವನು 'ದಾರಿಯಪ್ಪ'. ಅವಳು ಬೇಕರಿಯಲ್ಲಿ ಹಿಟ್ಟು ನಾದುವವಳು. ಹುಡುಗಿಯಾಗಿದ್ದಾಗ ಬೆಳಗಿನ ಹೊತ್ತು ಸೈಕಲ್ಲಿನಲ್ಲಿ ಬ್ರೆಡ್ ಹಂಚಲು ಹೋಗುತ್ತಿದ್ದವಳನ್ನು ಲಾರಿಯೊಂದು ಸವರಿಕೊಂಡು ಹೋಗಿತ್ತು. ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ರಸ್ತೆ ದಾಟಬೇಕಾದರೂ ಅಂಗೈ ಬೆವರುತ್ತಿದ್ದ ಅವಳನ್ನು ಗೆಳತಿಯೊಬ್ಬಳು ಬಲವಂತವಾಗಿ ಇಲ್ಲಿಗೆ ಎಳೆತಂದಾಗ, ದಾರಿಯಪ್ಪ ತನ್ನ ಜೋಡಿ ಸೈಕಲ್ಲಿನ ಹಿಂದಿನ ಸೀಟನ್ನು ತಟ್ಟಿ ಹೇಳಿದ್ದು ಇಷ್ಟೇ: "ಇಲ್ಲಿ ಗಾಡಿಗಳೇ ಬರಲ್ಲ. ಏನು ಬಂದ್ರೂ ಮೊದಲೇ ಹೇಳ್ತೀನಿ." ಆಹಾ, ಆ ದನಿ! ಅವಳು ಮನಸೋತದ್ದು ಮುಖಕ್ಕಲ್ಲ, ಆ ದನಿಗೆ. ಮದುವೆಯಾಗಿ ವರ್ಷಗಳುರುಳಿದರೂ ಒಂಟಿ ಸೈಕಲ್ಲನ್ನು ಮಾತ್ರ ಅವಳು ಮತ್ತೆ ಮುಟ್ಟಲಿಲ್ಲ.

"ಗಂಡನ ಬೆನ್ನು ಬಿಟ್ರೆ ಬೇರೆ ಊರು ನೋಡಿಲ್ಲ ನನ್ನ ಸೊಸೆ" ಎಂದು ಅತ್ತೆ ಆ ಬೆಳಗ್ಗೆಯೂ ನಡುಮನೆಯಲ್ಲಿ ಗೋಡೆಗೊರಗಿದ್ದ ಸೈಕಲ್ಲನ್ನು ದಾಟುತ್ತ ಛೇಡಿಸಿದ್ದರು. ಪ್ರವಾಸಿಗರ ಮೊದಲ ತಂಡ ಮರುದಿನ ಬರುವುದಿತ್ತು. ಪ್ರತಿ ವರ್ಷ ಅದಕ್ಕೆ ಮೊದಲು ಗಂಡಹೆಂಡಿರಿಬ್ಬರೂ ಹಾದಿಯನ್ನೊಮ್ಮೆ ಕಣ್ಣಾರೆ ನೋಡಿಬರುವುದು ವಾಡಿಕೆ.

ಹಳೆಯ ನಿಲ್ದಾಣದ ಕಟ್ಟಡವನ್ನು ದಾಟಿ ಸ್ವಲ್ಪ ದೂರ ಹೋಗಿರಬಹುದು. "ಗೇಟು" ಎಂದು ಅವನು ಕೂಗಿ ಬ್ರೇಕು ಹಿಡಿದ. ಇಬ್ಬರೂ ಕಾಲೂರಿದರು. ಅವನು ಎಂದಿನ ಸರಾಗದಿಂದ ಬಲಗೈ ಚಾಚಿ ಚಿಲಕವನ್ನೆತ್ತಲು ಹೋದ... ಕೈ ಬರಿಗಾಳಿಯಲ್ಲಿ ಆಡಿತು. ದನಗಳು ದಾಟದಿರಲೆಂದು ಹಾಕಿದ್ದ ಆ ಗೇಟನ್ನು ಚಳಿಗಾಲದಲ್ಲಿ ಯಾರೋ ಕಿತ್ತುಹಾಕಿದ್ದರು. ಕಂಬಗಳಿದ್ದ ಜಾಗದಲ್ಲಿ ಹೊಸಮಣ್ಣು ತುಂಬಿ ಸಮ ಮಾಡಿದ್ದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಕೈಗೆ ಅಭ್ಯಾಸ ಆಗಿಬಿಟ್ಟಿದೆ ನೋಡು" ಎಂದು ಅವನು ನಕ್ಕ. ಅವಳೂ ನಕ್ಕಳು. ಆದರೆ ಪೆಡಲ್ ತುಳಿಯತೊಡಗಿದ ಮೇಲೆ ಅವಳ ಎದೆ ಝಲ್ಲೆಂದಿತು.

ಮುಂದೆ ಅವನು "ಗುಂಡಿ, ಎಡಕ್ಕೆ" ಎಂದ. ಅಲ್ಲಿ ಗುಂಡಿಯಿರಲಿಲ್ಲ, ಹೊಸದಾಗಿ ಜಲ್ಲಿ ಹಾಕಿ ಮುಚ್ಚಿದ್ದರು. ಕೆಂಪು ಶಾಲು ಹೊದ್ದ ಮುದುಕಿಯೊಬ್ಬಳು ಹಾದಿಯ ಪಕ್ಕದಲ್ಲೇ ನಿಂತಿದ್ದಳು. ಅವಳ ಬಗ್ಗೆ ಅವನು ಚಕಾರವೆತ್ತಲಿಲ್ಲ. ಅವನು ಈ ವರ್ಷದ ಹಾದಿಯಲ್ಲಿ ಹೋಗುತ್ತಲೇ ಇರಲಿಲ್ಲ, ನೆನಪಿನಲ್ಲಿದ್ದ ಹಿಂದಿನ ವರ್ಷದ ಹಾದಿಯನ್ನು ಕೂಗುತ್ತ ಹೋಗುತ್ತಿದ್ದ! ಇದು ಹೊಳೆದೊಡನೆ ಮನೆಯ ದೃಶ್ಯಗಳು ಒಂದರ ಹಿಂದೊಂದು ನುಗ್ಗಿಬಂದವು. ಕೆಲವು ತಿಂಗಳಿಂದ ಅವನು ಪತ್ರಿಕೆಯನ್ನು ಅವಳ ಕೈಗೇ ಕೊಟ್ಟು, "ನಿನ್ನ ಬಾಯಲ್ಲಿ ಕೇಳೋದೇ ಚೆಂದ" ಎನ್ನುತ್ತಿದ್ದ. ಮುಸ್ಸಂಜೆಯಲ್ಲಿ ಮೆಟ್ಟಿಲಿಳಿಯುವಾಗ ಅವಳ ಕೈ ಹಿಡಿಯುತ್ತಿದ್ದ. ಮಾತಿನ ನಡುವೆ ಕೆನ್ನೆಯನ್ನು ಬೆರಳಿನಿಂದ ಮೃದುವಾಗಿ ಸವರುತ್ತಿದ್ದ. ಇಷ್ಟು ವರ್ಷಗಳಾದ ಮೇಲೆ ಗಂಡನಿಗೆ ತನ್ನ ಮೇಲೆ ಹೊಸದಾಗಿ ಪ್ರೀತಿ ಉಕ್ಕಿದೆಯೆಂದು ಅವಳು ಬೇಕರಿಯ ಒಲೆಯ ಮುಂದೆ ನಿಂತು ಒಳಗೊಳಗೇ ನಕ್ಕದ್ದುಂಟು. ಅಯ್ಯೋ, ಅದೆಲ್ಲ ಒಲವಲ್ಲದೆ ಬರಿಯ ತಡಕಾಟವಾಗಿತ್ತೇ? ಜೀವಭಯ ಒಂದು ಕಡೆ, ಈ ಭಯ ಇನ್ನೊಂದು ಕಡೆ. ಯಾವುದು ದೊಡ್ಡದೆಂದು ಅವಳಿಗೆ ತಿಳಿಯಲಿಲ್ಲ.

ಕೇಳಿಯೇಬಿಡಬೇಕೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಹಾದಿ ಇಳಿಜಾರಾಯಿತು. ಕೆಳಗೆ, ಆಳವಾದ ಕಣಿವೆಯ ಮೇಲೆ, ಮರದ ಹಲಗೆ ಹಾಸಿದ ಹಳೆಯ ರೈಲುಸೇತುವೆ. ಬಿಸಿಲು ಮೋಡದ ಹಿಂದೆ ಸರಿದಿತ್ತು. ಅವಳು ಅವನ ಭುಜದ ಪಕ್ಕದಿಂದ ಕತ್ತು ಚಾಚಿ ನೋಡಿದಳು. ಸೇತುವೆಯ ಎಡಭಾಗದ ಹಲಗೆಗಳನ್ನು ದುರಸ್ತಿಗೆಂದು ಕಿತ್ತಿದ್ದರು. ಅಡ್ಡಕ್ಕೆ ಒಂದು ಕೆಂಪು ಪಟ್ಟಿ ಕಟ್ಟಿದ್ದರು, ಅಷ್ಟೇ. ಅದರಾಚೆಗೆ ಬಾಯ್ದೆರೆದ ಖಾಲಿ ಜಾಗ, ಬಹಳ ಕೆಳಗೆ ಕಪ್ಪು ನೀರು.

"ಸೇತುವೆ. ನೇರಕ್ಕೆ ಹೋಗೋದು" ಎಂದು ಅವನು ನೆಮ್ಮದಿಯಿಂದ ಕೂಗಿದ. ಸೈಕಲ್ ಎಡಗಡೆಗೇ ವಾಲಿ ಓಡುತ್ತಿತ್ತು.

ಆ ಸೀಟಿನಲ್ಲಿ ಕೂತು ಅವಳು ಒಮ್ಮೆಯೂ ಕೂಗಿದವಳಲ್ಲ. ಕೂಗುವುದು ಹಿಂದಿನವರ ಕೆಲಸವೂ ಅಲ್ಲ. "ಹಲಗೆ ಇಲ್ಲ, ನಿಲ್ಲಿಸಿ!"

ಅವನು ಏಕೆಂದು ಕೇಳಲಿಲ್ಲ, ಎಲ್ಲಿ ಎನ್ನಲಿಲ್ಲ. ಎರಡೂ ಬ್ರೇಕುಗಳನ್ನು ಅದುಮಿ ಹಿಡಿದ. ಚಕ್ರಗಳು ಜಲ್ಲಿಯಲ್ಲಿ ಕಿರುಗುಟ್ಟುತ್ತ ಜಾರಿ, ಜಾರಿ... ಮುಂದಿನ ಗಾಲಿ ಕೆಂಪು ಪಟ್ಟಿಗೆ ತಾಗಿ ನಿಂತಿತು. ಸಿಡಿದ ಕಲ್ಲೊಂದು ಅಂಚು ದಾಟಿತು. ಅದು ನೀರಿಗೆ ಬಿದ್ದ ಸದ್ದು ತಡವಾಗಿ ಕೇಳಿಸಿತು.

ಅವನು ಕೈ ಚಾಚಿ ಆ ಪಟ್ಟಿಯನ್ನು ಮುಟ್ಟಿದ. ಉದ್ದಕ್ಕೂ ಬೆರಳಾಡಿಸಿದ. ಸೈಕಲ್ಲನ್ನು ಹಿಂದಕ್ಕೆ ಸರಿಸಿ, ದಂಡೆಯ ಹುಲ್ಲಿನ ಮೇಲೆ ಕುಸಿದು ಕೂತ.

"ಎಷ್ಟು ಕಾಣತ್ತೆ?" ಎಂದು ಅವಳು ಕೇಳಿದಳು.

"ಬೆಳಕು ಕಾಣತ್ತೆ. ಹಸಿರಿನ ಮಧ್ಯೆ ಬೆಳ್ಳಗೆ ದಾರಿ ಕಾಣತ್ತೆ. ಅದರೊಳಗೆ ಏನಿದೆ ಅನ್ನೋದು ಕಾಣಲ್ಲ." ಮತ್ತೆ ಹೇಳಿದ: "ಡಾಕ್ಟರಿಗೆ ತೋರಿಸ್ದೆ. ಹೋಗಿದ್ದು ವಾಪಸ್ ಬರಲ್ವಂತೆ."

"ನನಗೆ ಯಾಕೆ ಹೇಳ್ಲಿಲ್ಲ?"

"ನನ್ನ ಬೆನ್ನು ನೋಡ್ಕೊಂಡೇ ನಿನ್ನ ಭಯ ಹೋಗಿದ್ದು. ಆ ಬೆನ್ನಿಗೇ ಕಣ್ಣಿಲ್ಲ ಅಂತ ಹೇಗೆ ಹೇಳ್ಲಿ?"

"ಸತ್ತೇ ಹೋಗ್ತಿದ್ವಲ್ರೀ" ಎಂದಳು. "ನಾಳೆ ಬರೋರು ಏನು ಪಾಪ ಮಾಡಿದ್ರು? ನಿಮ್ಮ ಮಾತು ನಂಬ್ಕೊಂಡು ಸಾಲಾಗಿ ಬರ್ತಾರಲ್ಲ."

ಅವನು ಹುಲ್ಲಿನ ಗರಿಯೊಂದನ್ನು ಕಿತ್ತು ಬೆರಳಿಗೆ ಸುತ್ತಿಕೊಂಡ. "ಇದು ಬಿಟ್ರೆ ನನಗೆ ಬೇರೆ ಏನೂ ಬರಲ್ಲ ಕಣೇ" ಎಂದ ಕೊನೆಗೆ, ಮಗುವಿನ ದನಿಯಲ್ಲಿ. ಆಮೇಲೆ ಜೇಬಿನಿಂದ ಫೋನು ತೆಗೆದು ಅವಳ ಕಡೆಗೆ ಚಾಚಿದ. ದಾರಿ ತೋರಿಸುವ ಕೆಲಸದಲ್ಲಿ ಅವನಿಗೆ ಜೊತೆಗಾರನೊಬ್ಬನಿದ್ದ; ಅವಳು ಆ ನಂಬರು ಒತ್ತಿ ಕೊಟ್ಟಳು. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು, ಹಾದಿಯಲ್ಲಿ ಕೂಗುವಾಗಿನ ಅದೇ ಸ್ಪಷ್ಟ ದನಿಯಲ್ಲಿ ಹೇಳಿದ: "ನಾಳೆ ತಂಡಾನ ನೀನೇ ಕರ್ಕೊಂಡು ಹೋಗು. ಸೇತುವೆ ಎಡಗಡೆ ಹಲಗೆ ಇಲ್ಲ, ಹುಷಾರು. ನಾನು ಬರಲ್ಲ. ನನ್ನ ಕಣ್ಣು ಹೋಗ್ತಾ ಇದೆ."

ಮಳೆಮೋಡ ಕವಿಯುತ್ತಿತ್ತು; ಮನೆ ದೂರವಿತ್ತು. ನಡೆದುಹೋಗೋಣವೆಂದು ಅವನೆಂದ. ಅವಳು ಮಾತಾಡದೆ ಸೈಕಲ್ಲನ್ನು ಬಂದ ಕಡೆಗೆ ತಿರುಗಿಸಿ, ಮುಂದಿನ ಸೀಟಿನ ಬಳಿ ನಿಂತಳು. ಹಿಟ್ಟು ನಾದಿ ಗಟ್ಟಿಯಾದ ಕೈಗಳವು. ಆದರೂ ಹ್ಯಾಂಡಲ್ ಹಿಡಿದೊಡನೆ ಅಂದಿನ ಲಾರಿಯ ನೆರಳೇ ಮೈಮೇಲೆ ಬಂದಂತಾಯಿತು. ಅವನು ತಡವುತ್ತ ಬಂದು ಹಿಂದೆ ಕೂತ. ಸೈಕಲ್ ಅಡ್ಡಾದಿಡ್ಡಿ ವಾಲಾಡಿತು, ಇನ್ನೇನು ಬೀಳಬೇಕು ಎನ್ನುವಾಗ ಸಾವರಿಸಿಕೊಂಡು ಏರು ಹತ್ತತೊಡಗಿತು.

"ಏನಾದ್ರೂ ಹೇಳು" ಎಂದ ಅವನು.

"ಭಯ ಆಗ್ತಿದೆ."

"ಗೊತ್ತಾಯ್ತು. ಅದರ ಮುಂದೆ ಏನಿದೆ?"

"ದಾರಿ ಇದೆ. ನೇರಕ್ಕೆ. ಬಲಗಡೆ ಒಂದು ನಾಯಿ ಮಲಗಿದೆ." ಹನಿಗಳು ಬೀಳತೊಡಗಿದವು. ಎದುರಿಗೆ ಆಸರೆಯ ಬೆನ್ನಿಲ್ಲ, ಇಡೀ ಬಯಲು ಬಟಾಬಯಲಾಗಿ ಮುಖದ ಮೇಲೇ ಬರುತ್ತಿತ್ತು. ಹಿಂದೆ ತಿರುಗಿ ಅವನ ಮುಖ ನೋಡುವಂತೆಯೂ ಇರಲಿಲ್ಲ. ಮುಂದೆ ಕೂತವರಿಗೆ ಜೊತೆಯವರು ಕಾಣುವುದೇ ಇಲ್ಲವೆಂಬುದು ಅವಳಿಗೆ ಈಗ ಗೊತ್ತಾಯಿತು. ಮುಖ ಕಾಣದ ಆ ಧೈರ್ಯದಲ್ಲಿಯೇ ಅವಳು ಕೇಳಿದಳು: "ಸಂಜೆ ಮೆಟ್ಟಿಲು ಇಳಿಯೋವಾಗ ನನ್ನ ಕೈ ಹಿಡ್ಕೋತಿದ್ರಲ್ಲ. ಅದು ಯಾಕೆ? ನಿಜ ಹೇಳಿ."

ಉತ್ತರ ತಡವಾಯಿತು. ಕೇಳಬಾರದಿತ್ತೇನೋ ಎಂದು ಅವಳು ತುಟಿ ಕಚ್ಚಿಕೊಂಡಳು. ಪೆಡಲ್‌ಗಳು ಮಾತ್ರ ಕಾಲಡಿಯಲ್ಲಿ ಒಂದೇ ಸಮನೆ ತಿರುಗುತ್ತಿದ್ದವು. ಅವಳ ಕಾಲು ಸೋತಾಗಲೂ ಅವು ನಿಲ್ಲಲಿಲ್ಲ, ಹಿಂದಿನಿಂದ ಅವನು ಇಬ್ಬರ ಪಾಲನ್ನೂ ತುಳಿಯುತ್ತಿದ್ದ.

"ಮೆಟ್ಟಿಲು ಕಾಣ್ತಿರಲಿಲ್ಲ, ಅದಕ್ಕೆ ಹಿಡ್ಕೋತಿದ್ದೆ" ಎಂದ. ಆಮೇಲೆ ಮೆಲ್ಲಗೆ: "ಇಳಿದ ಮೇಲೂ ಬಿಡ್ತಿರಲಿಲ್ವಲ್ಲ."

ಮಳೆಯ ನೀರೋ, ಕಣ್ಣೀರೋ, ಹಾದಿ ಅವಳಿಗೂ ಒಂದು ಗಳಿಗೆ ಮಸುಕಾಯಿತು... ಅವಳು ಕಣ್ಣುಜ್ಜಿಕೊಂಡು "ತಿರುವು" ಎಂದು ಕೂಗಿದಳು. ಇಬ್ಬರ ಮೈಯೂ ಒಟ್ಟಿಗೆ ಬಾಗಿತು.

ಸಹೃದಯರೇ, ಆ ದಿನ ಅವರ ಭಯವೇನೂ ಕಳೆಯಲಿಲ್ಲ. ಮುಂದಿನ ದಿನಗಳು ಅದನ್ನು ಇನ್ನಷ್ಟು ಹೆಚ್ಚಿಸಿರಲೂಬಹುದು. ಆದರೆ ಒಬ್ಬರನ್ನೊಬ್ಬರು ಭಯದಿಂದ ಕಾಪಾಡಬೇಕೆಂದು ಬಚ್ಚಿಟ್ಟುಕೊಂಡ ಮಾತುಗಳೇ ನಮ್ಮನ್ನು ಎಂಥ ಅಂಚಿಗೆ ಒಯ್ದು ನಿಲ್ಲಿಸುತ್ತವೆ! ಒಲವೆಂಬುದು ನಿರ್ಭಯವೆಂದು ನಂಬಿದವರೇ ನಾವೆಲ್ಲ. ಹೆದರಿದ್ದೇನೆಂದು ಬಾಯಿಬಿಟ್ಟು ಹೇಳುವುದಕ್ಕೆ ಒಬ್ಬರು ಸಿಕ್ಕಿ, ಅವರು ಅದನ್ನು ಕೇಳಿಯೂ ಜೊತೆಗೆ ಪೆಡಲ್ ತುಳಿಯುತ್ತಿದ್ದರೆ, ಮನುಷ್ಯನ ಹೃದಯಕ್ಕೆ ಅದಕ್ಕಿಂತ ಹೆಚ್ಚಿನ ಅಭಯ ಬೇಕಾಗುವುದಿಲ್ಲವೇನೋ.